ಗೋದಾಬಾಯಿಯವರ ಮಳೆಯ ಕೊಡ

ಗೋದಾಬಾಯಿ ಹೆಬಸೂರರ ಎದುರು ‘ಭಾಳ’ ಎಂಬ ಮಾತನ್ನಾಡಿ ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ. ಬಿಸಿಲು ಭಾಳ ಅದ ಎಂದರೆ “ಎಷ್ಟು?” ಎನ್ನುವರು, ಹಲ್ಲುನೋವು ಭಾಳ ಎಂದರೆ “ಎಷ್ಟು? ನಿನ್ನೆಗಿಂತ ಹೆಚ್ಚೋ, ಕಡಿಮಿಯೋ?” ಎನ್ನುವರು, ಶಾಲೆಯ ಸ್ನೇಹಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದ ರಾವಸಾಹೇಬರೊಬ್ಬರು ಕೊರಳಿನ ಹಾರ ತೆಗೆಯುತ್ತ, ಮರಾಠಿಯಲ್ಲಿ, ತಮಗೆ ‘ಫಾರ’, ಅಂದರೆ ಭಾಳ, ಆನಂದವಾಯಿತೆಂದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಗೋದಾಬಾಯಿಯವರ ತುಟಿ ತನ್ನಷ್ಟಕ್ಕೆ ‘ಎಷ್ಟು’ ಎಂದು ಅಲುಗಿದ್ದನ್ನು ನಾವು ಹತ್ತಾರು ಹುಡುಗಿಯರು ಕಣ್ಣಾರೆ ಕಂಡು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆವು. ನಮ್ಮವ್ವ ಒಮ್ಮೆ ಶಾಲೆಗೆ ಬಂದು, “ನಮ್ಮ ಇಂದೂ ಭಾಳ ಹಟ ಮಾಡ್ತಾಳ್ರಿ” ಎಂದು ದೂರಿದಳು. “ವಾರಕ್ಕ ಎಷ್ಟು ಸಲ?” ಎಂಬ ಪ್ರಶ್ನೆ ಬಂತು. ಅವ್ವ ತಬ್ಬಿಬ್ಬಾದಳು. ಆದರೂ ಛಲ ಅವಳಿಗೂ ಉಂಟು. ಮನೆಗೆ ಬಂದು ಒಂದು ವಾರ ಎಣಿಸಿಯೇ ಎಣಿಸಿದಳು. ನನ್ನ ಹಟ ಮೂರು ಸಲ, ನಮ್ಮಣ್ಣ ಬಾಳುವಿನದು ಏಳು ಸಲ ಎಂದು ತೇಲಿತು. ಅಂದಿನಿಂದ ನಮ್ಮ ಮನೆಯಲ್ಲಿ ಆ ಬಾಯಿಯವರ ಹೆಸರು ಬಂದರೆ ಎಲ್ಲರೂ ಸ್ವಲ್ಪ ಸರಿಯಾಗಿ ಕೂಡುತ್ತಿದ್ದರು.

ಎತ್ತರದ, ಬಡಕಲು ಶರೀರ. ಅಂಚಿಲ್ಲದ ಬಿಳಿಯ ಸೀರೆ. ಅದರ ಮೇಲೆ ಮೊಣಕಾಲಿನವರೆಗೆ ಇಳಿಬಿದ್ದ ಗಂಡಸರ ಕರಿಯ ಕೋಟು. ಕೋಟು ಅವರ ಅಣ್ಣನದು. ಅದರ ಬಲಗಿಸೆಯಲ್ಲಿ ಅರಿವೆ ಸುತ್ತಿದ ಅಳತೆಯ ಗಾಜು, ಎಡಗಿಸೆಯಲ್ಲಿ ಪೆನ್ಸಿಲಿನ ಮೋಟುಗಳು, ಒಳಗಿಸೆಯಲ್ಲಿ ಏನಿತ್ತೋ ದೇವರಿಗೇ ಗೊತ್ತು. ಪೇಠೆಯಲ್ಲಿ ನಡೆಯುವಾಗ ಅವರ ಮುಖ ಸದಾ ಆಕಾಶಕ್ಕೆ. ಕಾಲು ಮಾತ್ರ ತನ್ನ ಪಾಡಿಗೆ ತಾನು ಹೋಗಿ, ಅಡ್ಡ ಮಲಗಿದ ದನಗಳನ್ನೂ ಸೊಪ್ಪಿನ ಬುಟ್ಟಿಗಳನ್ನೂ ಸೈಕಲ್ ಸವಾರರನ್ನೂ ತಾಕುತ್ತಿತ್ತು; ಯಾರಿಗೆ ತಾಕಿತೆಂದು ನೋಡುವ ಮೊದಲೇ ಬಾಯಿ ಕ್ಷಮೆ ಕೇಳಿರುತ್ತಿತ್ತು. ಪುಣೆಯ ಲಕ್ಷ್ಮೀ ರೋಡಿನ ಎಮ್ಮೆಯೊಂದಕ್ಕೆ ಅವರು ಶುದ್ಧ ಮರಾಠಿಯಲ್ಲಿ ಬಹುವಚನ ಹಚ್ಚಿ ಕ್ಷಮೆ ಯಾಚಿಸಿದ್ದನ್ನು ನಾನೇ ಕೇಳಿದ್ದೇನೆ. ನಡುನಡುವೆ ಗಕ್ಕನೆ ನಿಂತು ಬಲಗೈಯನ್ನು ಬೊಗಸೆಯಂತೆ ಮೇಲೆ ಚಾಚುವರು, ಹನಿ ಬಿತ್ತೋ ಏನೋ ಎಂದು. ಗುರುತಿಲ್ಲದ ಪುಣ್ಯಾತ್ಮನೊಬ್ಬ ಆ ಕೈಗೆ ಒಂದು ಪೈ ಹಾಕಿ ಮುಂದೆ ಹೋದನಂತೆ. ಅದನ್ನವರು ತಾವೇ ಹೇಳಿಕೊಂಡು ನಗುತ್ತಿದ್ದರು.

ಊರು ಹುಬ್ಬಳ್ಳಿಯ ಹತ್ತಿರದ ಹೆಬಸೂರು. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಕನ್ನಡ ಶಾಲೆಯ ಮಾಸ್ತರನಾಗಿದ್ದ ಅಣ್ಣ ಊರವರ ಮಾತಿಗೆ ಕಿವಿಗೊಡದೆ ತಂಗಿಯನ್ನು ರೈಲು ಹತ್ತಿಸಿ ಪುಣೆಗೆ ತಂದು, ಹೆಣ್ಣುಮಕ್ಕಳಿಗೆ ಅನ್ನ ಹಾಕಿ ಅಕ್ಷರ ಕಲಿಸುವ ಆಶ್ರಮವೊಂದರಲ್ಲಿ ಬಿಟ್ಟು, ಚಳಿಗೆಂದು ತನ್ನ ಕೋಟು ಹೊದಿಸಿ ಹೋದವನು, ಮರುವರ್ಷ ಪ್ಲೇಗಿನಲ್ಲಿ ತೀರಿಕೊಂಡ. ಇಷ್ಟು ಸಂಗತಿ ನಮಗೆ ಗೊತ್ತಿದ್ದುದು ಬೇರೆಯವರ ಬಾಯಿಂದ. ಅವರು ತಮ್ಮ ದುಃಖ ಹೇಳಿಕೊಂಡವರಲ್ಲ. ಆಶ್ರಮದಲ್ಲಿ ಓದಿ, ಪರೀಕ್ಷೆಗಳನ್ನು ಮುಗಿಸಿ, ನಮ್ಮ ಹುಡುಗಿಯರ ಹೈಸ್ಕೂಲಿಗೆ ಭೂಗೋಳ ಕಲಿಸಲು ಬಂದರು. ಮರಾಠಿ ಶಾಲೆ ಅದು. ನಾವು ಧಾರವಾಡ-ಬೆಳಗಾವಿ ಕಡೆಯ ಗುಮಾಸ್ತರ, ವ್ಯಾಪಾರಿಗಳ ಮಕ್ಕಳು ನಾಲ್ಕಾರು ಮಂದಿ ಮಾತ್ರ ಕನ್ನಡದವರು. ವರ್ಗದಲ್ಲಿ ಅವರು ಮರಾಠಿ ಬಿಟ್ಟು ಒಂದು ಮಾತಾಡರು, ಘಂಟೆ ಹೊಡೆದು ಹೊಸ್ತಿಲು ದಾಟಿದರೆ, “ಏನವಾ ಇಂದೂ, ನಾಷ್ಟಾ ಏನು ಮಾಡಿದ್ರಿ?” ಎಂದು ಹೆಬಸೂರಿನ ಕನ್ನಡ ಬರುತ್ತಿತ್ತು. ಆ ಒಂದು ಮಾತಿಗಾಗಿ ನಾನು ಘಂಟೆ ಕಾಯುತ್ತಿದ್ದೆ.

ನಮ್ಮ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಪಾಠವಿಲ್ಲ, ಹವ್ಯಾಸ ಮಂಡಳಗಳು. ಕಸೂತಿಯ ಮಂಡಳ, ಹಾರ್ಮೋನಿಯಂ ಮಂಡಳ, ಲೇಝೀಮ್ ಮಂಡಳ, ಕೈಬರಹದ ಮಾಸಪತ್ರಿಕೆಯ ಮಂಡಳ, ಮತ್ತು ಎಲ್ಲಕ್ಕಿಂತ ಜನಪ್ರಿಯವಾದ, ಪರಿಮಳ ಮೂರು ವರ್ಗಗಳಾಚೆಗೂ ಹಬ್ಬುತ್ತಿದ್ದ ಪಾಕಶಾಸ್ತ್ರ ಮಂಡಳ. ಇವುಗಳ ಕೊನೆಗೆ, ಅಂಗಳದ ಮೂಲೆಯಲ್ಲಿ, ಹದಿನಾಲ್ಕು ಹುಡುಗಿಯರ ಮಳೆಯ ಮಂಡಳ. ಬೀಳುವ ಮಳೆಯನ್ನು ದಿನಾ ಅಳೆಯುವುದು, ಬರೆಯುವುದು, ತಿಂಗಳ ಕೊನೆಗೆ ನೀಲಿ ಶಾಯಿಯಲ್ಲಿ ಏರಿಳಿತದ ನಕ್ಷೆ ತೆಗೆಯುವುದು. ಇದರಲ್ಲೇನು ಹವ್ಯಾಸ ಎಂದು ಉಳಿದವರು ಆಡಿಕೊಂಡರೆ ನಾವು ಗೋಣು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದೆವು.

ಮಳೆಮಾಪಕ ಕೊಳ್ಳಲು ಶಾಲೆಗೆ ಅನುಕೂಲವಿರಲಿಲ್ಲ. ಗೋದಾಬಾಯಿ ತಾವೇ ಚಿತ್ರ ಬರೆದುಕೊಂಡು ಕಸಬಾ ಪೇಠೆಯ ತಾಂಬಟ ಆಳಿಗೆ, ಅಂದರೆ ಕಂಚುಗಾರರ ಓಣಿಗೆ ಹೋದರು. ಮೇಲೆ ಐದಿಂಚಿನ ಆಲಿಕೆ, ಕೆಳಗೆ ನೀರು ಕೂಡುವ ಪಾತ್ರೆ. ಆಲಿಕೆಯನ್ನು ಕಂಚುಗಾರ ಕೂದಲೆಳೆಯಷ್ಟೂ ತಪ್ಪದಂತೆ ಮಾಡಿಕೊಟ್ಟ. ಕೆಳಗಿನ ಪಾತ್ರೆಗೆ ಬಂದಾಗ ಮಾತ್ರ, ನೀರಿನ ಪಾತ್ರೆ ಎಂದ ಮೇಲೆ ಅದಕ್ಕೊಂದು ರೂಪ ಬೇಡವೇ ಎಂದು, ಸೊಂಟ, ಕೊರಳು, ಕಂಠದ ಗೆರೆ ಸಹಿತ ಚೆಂದದ್ದೊಂದು ಪುಟ್ಟ ತಾಮ್ರದ ಕೊಡವನ್ನೇ ಬಡಿದಿಟ್ಟ. ನೋಡಿದವರು ಅಡಿಗೆಮನೆಯಿಂದ ಎದ್ದು ಬಂದದ್ದು ಅನ್ನಬೇಕು. ಗೋದಾಬಾಯಿ ಹಿಗ್ಗಿ ಹೀರೇಕಾಯಿಯಾದರು. ಮುಂದಿನ ಅನಾಹುತಕ್ಕೆಲ್ಲ ಮೂಲ ಆ ಕಂಠದ ಗೆರೆಯೇ ಎಂದು ಆಗ ಯಾರಿಗೆ ಗೊತ್ತು?

ವರ್ಷಕ್ಕೊಬ್ಬ ಹುಡುಗಿ ಕೊಡದ ಒಡತಿ. ಮುಂಜಾನೆ ಎಂಟಕ್ಕೆ ಕೊಡದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಇಂಚಿನ ನೂರನೆಯ ಪಾಲನ್ನು, ಅಂದರೆ ಎಷ್ಟು ಸೆಂಟು ಎಂಬುದನ್ನು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ದಪ್ಪ ವಹಿಯಲ್ಲಿ ಬರೆದು, ನೀರು ಚೆಲ್ಲಿ, ಕೊಡವನ್ನು ಮತ್ತೆ ಆಲಿಕೆಯ ಕೆಳಗೆ ಇಡಬೇಕು. ನಿಯಮ ಒಂದೇ: ಗಾಜಿನಲ್ಲಿ ಕಂಡದ್ದನ್ನು ಬರೆ. ಊಹಿಸಬೇಡ, ಅಂಕಿ ದುಂಡಗೆ ಮಾಡಬೇಡ, ಆಕಾಶ ನೋಡಿ ಬರೆಯಬೇಡ. ಆಕಾಶ ನೋಡುವ ಅಧಿಕಾರ ಗೋದಾಬಾಯಿಯವರಿಗೆ ಮಾತ್ರ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ಮಂಡಳ ಸುರುವಾದ ಎಂಟನೆಯ ವರ್ಷ, ೧೯೩೮ರಲ್ಲಿ, ನಾನು ಒಡತಿಯಾದೆ. ಅದೇ ವರ್ಷ ಮಂಡಳದ ಕುತ್ತಿಗೆಗೆ ಬಂತು. ಶಾಲೆಯ ಕಾರ್ಯದರ್ಶಿ ಪಂಢರಿನಾಥರಾಯರು ಕೆಟ್ಟವರಲ್ಲ, ಉಪಯೋಗದ ಮನುಷ್ಯರು. ಹೆಣ್ಣುಮಕ್ಕಳು ಮಳೆ ಅಳೆದು ಆಗಬೇಕಾದ್ದೇನು, ಆ ಮೂಲೆಯನ್ನು ಹಪ್ಪಳ ಸಂಡಿಗೆ ಒಣಗಿಸಲು ಪಾಕಶಾಸ್ತ್ರಕ್ಕೆ ಕೊಡೋಣ ಎಂಬುದು ಅವರ ವಾದ. ಗೋದಾಬಾಯಿ ಹೋರಾಡಿದರು. ಆಗ ಭಾಂಬುರ್ಡೆ ಎಂದೇ ಹಳಬರು ಕರೆಯುತ್ತಿದ್ದ ಶಿವಾಜಿನಗರದ ಹವಾಮಾನ ಕಚೇರಿಗೆ ಬರೆದು, ನಮ್ಮ ಎಂಟು ವರ್ಷದ ಅಂಕಿಗಳನ್ನು ಸರಕಾರ ಸ್ವೀಕರಿಸಬಹುದೇ ಎಂದು ಕೇಳಿದರು. ದೀಪಾವಳಿ ರಜೆ ಮುಗಿದೊಡನೆ ಒಬ್ಬ ಅಧಿಕಾರಿಯನ್ನು ಕಳಿಸುತ್ತೇವೆ ಎಂದು ಉತ್ತರ ಬಂತು. ಸರಕಾರ ಒಪ್ಪಿದರೆ ಮಂಡಳ ಇರಲಿ, ಇಲ್ಲವಾದರೆ ಮುಚ್ಚೋಣ ಎಂದು ರಾಯರೂ ಮಾತು ಕೊಟ್ಟರು. ಆ ಕಾಗದ ಬಂದ ದಿನ ಗೋದಾಬಾಯಿ ನಡೆಯುತ್ತಿದ್ದುದನ್ನು ನೋಡಬೇಕಿತ್ತು. ಕೋಟಿನ ಅಂಚು ಹಾರುತ್ತಿತ್ತು.

ಪ್ರತಿವರ್ಷ ನವರಾತ್ರಿಯ ಘಟ ಕೂತ ದಿನ ಕೊಡ ಒಳಗೆ ಹೋಗುತ್ತಿತ್ತು. ಈ ಸಲ ಅಧಿಕಾರಿಗಳ ಕಣ್ಣಿಗೆ ಕೆಲಸ ಬೀಳಲೆಂದು ಹೊರಗೇ ಇಟ್ಟೆವು. ದಸರೆ ಕಳೆಯಿತು, ಮಳೆ ನಿಂತಿತು, ಆಕಾಶ ತೊಳೆದಿಟ್ಟಂತೆ ನಿರ್ಮಲವಾಯಿತು. ಹನ್ನೊಂದು ದಿನಗಳ ತರುವಾಯ ಗೋದಾಬಾಯಿ ವಹಿಯ ಮುಂದೆ ಕೂತವರು ನನ್ನನ್ನು ಕರೆದರು.

“ಇಂದೂ, ನಿನ್ನೆ ಮಳಿ ಬಂತೇನು?”

“ಇಲ್ರಿ ಬಾಯಾರ.”

“ಮೊನ್ನೆ?”

“ಇಲ್ಲ.”

“ಮತ್ತ ದಿನಾ ಎರಡು ಸೆಂಟು, ಎರಡು ಸೆಂಟು ಅಂತ ಬರದೀಯಲ್ಲ?”

“ಗಾಜಿನ್ಯಾಗ ಇತ್ರಿ. ನೀವ ಹೇಳೀರಲ್ಲ, ಕಂಡದ್ದು ಬರೀರಿ ಅಂತ.”

ಅವರು ನನ್ನನ್ನು ಕೊಡದ ಬಳಿ ಕರೆದೊಯ್ದು, “ದಿನಾ ಹ್ಯಾಂಗ ಮಾಡ್ತಿ, ಹಂಗ ಮಾಡಿ ತೋರಿಸು” ಎಂದರು. ನಾನು ನೀರನ್ನು ಗಾಜಿಗೆ ಬಗ್ಗಿಸಿದೆ, ಓದಿದೆ, ಅಷ್ಟನ್ನೂ ಮರಳಿ ಕೊಡಕ್ಕೆ ಹಾಕಿದೆ, ಕೊಡವನ್ನು ವಾಲಿಸಿದೆ, ತಳದಲ್ಲಿ ಒಂದು ಉದ್ಧರಣೆಯಷ್ಟು ನೀರು ಉಳಿಸಿಕೊಂಡು ನೆಟ್ಟಗೆ ಮಾಡಿದೆ. “ಅದ್ಯಾಕ ಉಳಿಸಿದಿ?” ಎಂದರು. ಇದೆಂಥ ಪ್ರಶ್ನೆ ಎಂದು ನನಗೆ ಆಶ್ಚರ್ಯ. “ಕೊಡ ಬರಿದ ಇಡಬಾರದಲ್ರಿ ಬಾಯಾರ!” ಎಂದೆ.

ಹೌದು. ನನಗೆ ನಡೆ ಬರುವ ಮೊದಲೇ ಅವ್ವ ಕಲಿಸಿದ್ದ ಪಾಠ ಅದು. ನೀರಿನ ಕೊಡ ಬರಿದಾದರೆ ಮನೆ ಬರಿದಾದಂತೆ. ಒಂದು ಗುಟುಕಾದರೂ ತಳದಲ್ಲಿರಬೇಕು. ನನ್ನ ಕೈ ಅದನ್ನು ನನ್ನ ಅಪ್ಪಣೆ ಕೇಳದೆಯೇ ಮಾಡುತ್ತಿತ್ತು. ಇಂದಿನ ಮಳೆಯಲ್ಲಿ ನಿನ್ನೆಯ ಗುಟುಕು ಕೂಡಿ, ಜೂನದಿಂದ ಒಂದೂ ದಿನ ತಪ್ಪದೆ, ಸುಳ್ಳು ಬೆಳೆದಿತ್ತು. ಅರ್ಥವಾದೊಡನೆ ನಾನು ಅಲ್ಲೇ ಅತ್ತುಬಿಟ್ಟೆ. ಗೋದಾಬಾಯಿ ಅಳುವ ಹುಡುಗಿಯನ್ನು ನೋಡುತ್ತಿರಲಿಲ್ಲ. ವಹಿಯ ಹಿಂದಿನ ಏಳು ವರ್ಷಗಳನ್ನು ನೋಡುತ್ತಿದ್ದರು. ಮಳೆಯಿಲ್ಲದ ದಿನ ಉಳಿದ ಹುಡುಗಿಯರು ಗಾಜು ನೋಡದೆ ಆಕಾಶ ನೋಡಿ ಸೊನ್ನೆ ಬರೆದಿರಬಹುದಲ್ಲವೇ? ಪೆದ್ದಿಯಾದ ನಾನೊಬ್ಬಳೇ ಗಾಜನ್ನು ನಂಬಿದ್ದಿರಬಹುದಲ್ಲವೇ? “ಅವರನೆಲ್ಲಾ ಕೇಳಬೇಕು” ಎಂದರು, ಬಹಳ ಮೆಲ್ಲಗೆ.

ನನಗಿಂತ ಮೊದಲು ಆರು ಜನ ಒಡತಿಯರು. ಕಂಚುಗಾರರ ಮನೆಯ ಭಾಮಾ ಒಬ್ಬಳೇ ಎರಡು ವರ್ಷ ನೋಡಿದ್ದಳು. ಎಲ್ಲರಿಗೂ ಮದುವೆಯಾಗಿತ್ತು. ಪುಣೆ ಬಿಟ್ಟುಹೋದ ಮೂವರಿಗೆ ಗೋದಾಬಾಯಿ ಕಾರ್ಡು ಬರೆದರು; ಊರಲ್ಲಿದ್ದ ಮೂವರ ಮನೆಗೆ, ದೀಪಾವಳಿಯ ರಜೆಯಲ್ಲಿ, ನನ್ನನ್ನು ಕರೆದುಕೊಂಡು ಹೊರಟರು. ರವಿವಾರ ಪೇಠೆಯ ಕಾಳಿನ ವ್ಯಾಪಾರಿಗಳ ಮನೆಯ ನಾಗವ್ವ ಉಂಡಿ ಕಟ್ಟುತ್ತಿದ್ದ ಕೈಯಲ್ಲೇ ಓಡಿಬಂದಳು. ಪ್ರಶ್ನೆ ಕೇಳಿ ನಕ್ಕೇ ನಕ್ಕಳು. “ಅಯ್ಯ ಬಾಯಾರ, ಬರಿದ ಕೊಡ ಯಾರರೆ ಇಡ್ತಾರೇನ್ರಿ? ನಾ ಮನಿಯಾಗಿನ ಹಂಗ ಒಂದು ಬಟ್ಟಲ ಉಳಸ್ತಿದ್ದೆ” ಎಂದು, ಮೆಚ್ಚುಗೆಯನ್ನು ನಿರೀಕ್ಷಿಸಿ ನಿಂತಳು. ಗೋದಾಬಾಯಿ ಅವಳ ಗಲ್ಲ ತಟ್ಟಿ, ಉಂಡಿ ತಿಂದು, ಚೆನ್ನಾಗಿದೆ ಎಂದು ಹೇಳಿ, ಬೀದಿಗಿಳಿದ ಮೇಲೆ ಸ್ವಲ್ಪ ಹೊತ್ತು ಗೋಡೆಗೆ ಕೈಕೊಟ್ಟು ನಿಂತರು.

ಸದಾಶಿವ ಪೇಠೆಯ ಸುಲಭಾಳ ಮನೆಯಲ್ಲಿ ನಾವು ಒಳಗೆ ಹೋಗಲಿಲ್ಲ. ಬಾಗಿಲಿಗೆ ಬಂದ ಅತ್ತೆ, ಬಿಳಿಯ ಸೀರೆಯನ್ನು, ಬರಿಯ ಹಣೆಯನ್ನು ಕಂಡು, ಹಬ್ಬದ ದಿನ ಇದೆಂಥ ದರ್ಶನ ಎಂಬಂತೆ ಮುಖ ತಿರುಗಿಸಿ ಒಳಗೆ ಹೋದಳು. ಗೋದಾಬಾಯಿ ಎರಡು ಮೆಟ್ಟಿಲು ಕೆಳಗಿಳಿದು, ಬೀದಿಯಲ್ಲೇ ನಿಂತು, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದ ಸುಲಭಾಳನ್ನು ಅದೇ ಪ್ರಶ್ನೆ ಕೇಳಿದರು. ಅವಳೂ ಉಳಿಸುತ್ತಿದ್ದಳು. “ಏನಾದರೂ ತಪ್ಪಾಯಿತೇ ಬಾಯಿ?” ಎಂದು ಮರಾಠಿಯಲ್ಲಿ ಕೇಳಿ ಕಣ್ಣು ತುಂಬಿಕೊಂಡಳು. ಇಲ್ಲವೆಂದು ಗೋದಾಬಾಯಿ ತಲೆಯಲ್ಲಾಡಿಸಿದರು.

ಮರಳುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಆ ಅತ್ತೆಯ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. “ಬಾಯಾರ, ನಂದೊಬ್ಬಾಕಿದ ತಪ್ಪು ಅಂತ ಹೇಳ್ರಿ. ಈ ವರ್ಷದ್ದಷ್ಟ ತಗೀರಿ. ಮಂಡಳ ಉಳೀತದ. ಯಾರಿಗೆ ಗೊತ್ತಾಗ್ತದ?” ಎಂದೆ. ಅವರು ನಡೆಯುತ್ತಲೇ ಇದ್ದರು. ಅಂದು ಮುಖ ಆಕಾಶದ ಕಡೆ ಇರಲಿಲ್ಲ.

“ಬರಿದ ಕೊಡ ಎದುರಿಗೆ ಬಂದ್ರ ಮಂದಿ ಹೊಳ್ಳಿ ಹೋಗ್ತಾರ, ನೋಡೀಯಲ್ಲ?” ಎಂದರು ಕೊನೆಗೆ. “ನಾ ಎದುರಿಗೆ ಬಂದ್ರೂ ಹೊಳ್ಳಿ ಹೋಗ್ತಾರ. ಹನ್ನೊಂದು ವರ್ಷದಾಕಿ ಇದ್ದಾಗಿಂದ ನೋಡೀನಿ. ಭಾಳ ನೋವಾಗ್ತಿತ್ತು ಇಂದೂ, ಭಾಳ. ಆದ್ರ ಕೊಡದ ಮ್ಯಾಲೆ ನನಗ ಎಂದೂ ಸಿಟ್ಟು ಬಂದಿಲ್ಲ. ಬರಿದ ಇದ್ರ ಮಾತ್ರ ಇವತ್ತಿನ ಮಳಿ ಇವತ್ತ ಎಷ್ಟು ಅಂತ ತಿಳೀತದ. ಬರಿದ ಇರೂದ್ರಾಗ ಏನೂ ತಪ್ಪಿಲ್ಲವಾ.”

ಅವರ ಬಾಯಲ್ಲಿ ‘ಭಾಳ’ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಾರ್ಡುಗಳು ಬಂದವು. ಮೂವರೂ ಉಳಿಸಿದವರೇ, ಒಬ್ಬಳು ಉದ್ಧರಣೆಯಷ್ಟು, ಇನ್ನೊಬ್ಬಳು ತಳ ಮುಚ್ಚುವಷ್ಟು, ಮತ್ತೊಬ್ಬಳಿಗೆ ನೆನಪೇ ಇಲ್ಲ. ಇಂಥದ್ದನ್ನು ಕಳೆದು ಸರಿಮಾಡುವುದು ಹೇಗೆ? ಕಸಬಾ ಪೇಠೆಯ ಭಾಮಾ ಮಾತ್ರ ಪ್ರಶ್ನೆಗೇ ಸಿಡುಕಿದಳು. ತಾಮ್ರದಲ್ಲಿ ನೀರು ನಿಲ್ಲಿಸಿದರೆ ಕಿಲುಬು ಹಿಡಿಯುವುದಿಲ್ಲವೇ, ತಾನು ಕಂಚುಗಾರನ ಮಗಳು, ದಿನಾ ಬೋರಲು ಹಾಕಿ ಒರೆಸಿಯೇ ಇಡುತ್ತಿದ್ದೆ ಎಂದಳು. ಗೋದಾಬಾಯಿ ಬೀದಿಯೆಂದೂ ನೋಡದೆ ಅವಳನ್ನು ತಬ್ಬಿಕೊಂಡರು.

ಅಧಿಕಾರಿ ಸಿದ್ದಲಿಂಗಪ್ಪನವರು ಬೆಳಗಾವಿ ಕಡೆಯವರು, ರುಮಾಲು ಸುತ್ತಿದ ನಿಧಾನದ ಮನುಷ್ಯ. ಪಂಢರಿನಾಥರಾಯರು ಬಾಗಿಲಲ್ಲೇ ನಿಂತು ಬರಮಾಡಿಕೊಂಡರು. ವಹಿ ತೆರೆದರೆ, ಎಂಟು ವರ್ಷಗಳಲ್ಲಿ ಆರು ವರ್ಷದ ಪುಟಗಳಿಗೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ಪ್ರತಿ ಪುಟದ ಕೆಳಗೆ ಗೋದಾಬಾಯಿಯವರ ಅಕ್ಷರದಲ್ಲಿ ಒಂದೇ ಸಾಲು: ‘ಕೊಡ ಪೂರ್ತಿ ಬರಿದು ಮಾಡುವುದನ್ನು ನಾನು ಕಲಿಸಿರಲಿಲ್ಲ.’ ಯಾವ ಹುಡುಗಿಯ ಹೆಸರೂ ಇಲ್ಲ. ನಾವು ಹದಿನಾಲ್ಕು ಜನ ಕಿಟಕಿಗೆ ಜೋತುಬಿದ್ದಿದ್ದೆವು.

“ಬಾಯಾರ,” ಎಂದರು ಸಿದ್ದಲಿಂಗಪ್ಪನವರು, ಪುಟ ಮಗುಚುತ್ತ. “ಈ ಗೆರಿ ಹೊಡೀದ ಇದ್ರ ನಾ ಇದನ್ನ ಹಂಗ ತೊಗೊಂಡು ಹೋಗ್ತಿದ್ದೆ. ಒಂದೆರಡು ಸೆಂಟಿನ ಮಾತು. ಯಾರಿಗೂ ತಿಳೀತಿರಲಿಲ್ಲ.”

“ಹೌದ್ರಿ,” ಎಂದರು ಗೋದಾಬಾಯಿ. “ಅದಕ್ಕ ಹೊಡದೆ.”

ಸಿದ್ದಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮಲ್ಲಿ ಕಾಯಿದೆ ಅದರಿ. ಒಂದರ ಹಿಂದ ಒಂದು ಐದು ವರ್ಷ ಖರೇ ಅಂಕಿ ಬೇಕು. ನಿಮ್ಮಲ್ಲಿ ಎರಡ ಉಳದಾವ. ನನ್ನ ಕಡಿಂದ ಆಗೂದಿಲ್ರಿ, ಸಿಟ್ಟಾಗಬ್ಯಾಡ್ರಿ. ಮುಂದಿನ ಜೂನದಿಂದ ಮತ್ತ ಸುರು ಮಾಡ್ರಿ.”

ಮುಂದಿನ ಜೂನಕ್ಕೆ ಮಂಡಳ ಇರುವುದಿಲ್ಲ ಎಂದು ರಾಯರು ವಿನಯದಿಂದ ತಿಳಿಸಿದರು. ಕೊಟ್ಟ ಮಾತು ಮಾತೇ. ಕಿಟಕಿಯಲ್ಲಿ ಯಾರೋ ಬಿಕ್ಕಿದರು, ನಾನೇ ಇರಬೇಕು. ಗೋದಾಬಾಯಿ ವಹಿಯನ್ನು ಮುಚ್ಚಿ, ಒಂದೇ ಒಂದು ಕೇಳಿದರು: ಕೊಡವನ್ನು ತಾವು ಒಯ್ಯಬಹುದೇ? ರಾಯರಿಗೂ ಮನಸ್ಸು ಕಹಿಯಾಗಿತ್ತು ಎಂದು ಕಾಣುತ್ತದೆ. ಒಯ್ಯಿರಿ ಬಾಯಿ, ಅವಶ್ಯ ಒಯ್ಯಿರಿ ಎಂದು ಎರಡು ಸಲ ಅಂದರು.

ಸಂಜೆ ಐದಕ್ಕೆ ಗೋದಾಬಾಯಿ ಅಂಗಳದ ಮೂಲೆಗೆ ಹೋಗಿ, ಕೊಡವನ್ನು ಬೋರಲು ಹಾಕಿ, ಕೋಟಿನ ತೋಳಿನಿಂದ ಒಳಗೆಲ್ಲ ಒರೆಸಿ, ಸೊಂಟದ ಮೇಲಿಟ್ಟುಕೊಂಡು ಲಕ್ಷ್ಮೀ ರೋಡಿಗೆ ಇಳಿದರು. ವಿಧವೆ, ಅವಳ ಕಂಕುಳಲ್ಲಿ ಬರಿದ ಕೊಡ. ಎರಡು ಅಪಶಕುನಗಳು ಒಟ್ಟಿಗೆ ಬೀದಿಗಿಳಿದಿದ್ದವು. ಅರಿವೆ ಅಂಗಡಿಯವನೊಬ್ಬ ಮುಖ ತಿರುಗಿಸಿದ. ಎದುರು ಬರುತ್ತಿದ್ದ ಮದುವೆಯ ಖರೀದಿಯವರು ಓಣಿಯೊಳಗೆ ಸರಿದರು. ಗೋದಾಬಾಯಿ ತಲೆಯೆತ್ತಿಕೊಂಡು, ಆಕಾಶ ನೋಡುತ್ತ, ತಾಕಿದವರ ಕ್ಷಮೆ ಕೇಳುತ್ತ ನಡೆದರು. ಹಿಂದೆ ನಾವು ಹದಿನಾಲ್ಕು ಹುಡುಗಿಯರು ನಡೆದೆವು. ನಮ್ಮ ಮನೆಯ ಮುಂದೆ ಅವ್ವ ಸಾರಣೆಯ ಕಸಬರಿಗೆ ಹಿಡಿದು ನಿಂತಿದ್ದಳು. ಕೊಡವನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಸರಿಯಲಿಲ್ಲ. “ಬರ್ರಿ ಬಾಯಾರ, ಚಹಾ ಕುಡದು ಹೋಗ್ರಿ” ಎಂದಳು.

ಮರುವರ್ಷದ ಜೂನದಿಂದ ನಾರಾಯಣ ಪೇಠೆಯ ಅವರ ಬಾಡಿಗೆ ಕೋಣೆಯ ಹಿತ್ತಲಲ್ಲಿ ಕೊಡ ಕೂತಿತು. ಹುಡುಗಿಯರು ಪಾಳಿಯ ಮೇಲೆ ಬರುತ್ತಿದ್ದರು. ಐದು ವರ್ಷ ತುಂಬಿದವು. ಸಿದ್ದಲಿಂಗಪ್ಪನವರಿಗೆ ಎಲ್ಲಿಗೋ ವರ್ಗವಾಗಿತ್ತು, ಯುದ್ಧದ ಗದ್ದಲದಲ್ಲಿ ಹಿತ್ತಲಿನ ಮಳೆಯನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಬರೆದ ಕಾಗದಕ್ಕೆ ಉತ್ತರವೂ ಬರಲಿಲ್ಲ. ಆರನೆಯ ವರ್ಷವೂ ಅಳೆದರು, ಏಳನೆಯದನ್ನೂ ಅಳೆದರು. ಬಾಣಂತನ ಮುಗಿಸಿಕೊಂಡು ಹೋಗಿದ್ದ ನಾನು, ಯಾರು ನೋಡ್ತಾರ್ರಿ ಬಾಯಾರ ಇದನ್ನ ಎಂದು ಕೇಳಿದ್ದಕ್ಕೆ, ನನ್ನ ಕೂಸನ್ನು ಮಡಿಲಿಗೆ ಹಾಕಿಕೊಂಡು, “ನೋಡೋರು ಬಂದ್ರ ಇರಬೇಕಲ್ಲವಾ” ಎಂದರು, ಅಷ್ಟೆ.

ದೊಡ್ಡವರೆನಿಸಿಕೊಂಡವರನ್ನು ನಾನು ಆಮೇಲೆ ಬೇಕಾದಷ್ಟು ಕಂಡೆ. ಲೋಕಕ್ಕೆ ತಾವು ಕೂಡಿಸಿದ್ದನ್ನು ಅವರು ಹೇಳಿಕೊಳ್ಳುತ್ತಾರೆ, ನಾವೂ ಕೇಳಿ ಚಪ್ಪಾಳೆ ತಟ್ಟುತ್ತೇವೆ. ಗೋದಾಬಾಯಿಯಂಥವರ ಕುಲ ಬೇರೆ. ಅವರು ಏನನ್ನೂ ಕೂಡಿಸಿದಂತೆ ಕಾಣುವುದಿಲ್ಲ. ನಿನ್ನೆಯದನ್ನು ಚೆಲ್ಲಿ, ಒರೆಸಿ, ಇವತ್ತಿಗೆ ಜಾಗ ಮಾಡಿಡುತ್ತಾರೆ. ಅವರನ್ನು ಕಂಡರೆ ಜನ ಪಕ್ಕಕ್ಕೆ ಸರಿಯುತ್ತಾರೆ, ಮತ್ತು ಆ ಜನರ ಮೇಲೆ ಬಿದ್ದ ಮಳೆ ಎಷ್ಟೆಂಬುದು ಇವರೊಬ್ಬರಿಗೇ ಗೊತ್ತಿರುತ್ತದೆ.